ಲೂಥರ್‌ಗಿಂತ ಮೊದಲು ಚರ್ಚನ್ನು ಎದುರಿಸಿದವರು ನಿಜಕ್ಕೂ ಸೋತರಾ?

ಪ್ರಶ್ನೆ: ಮಗಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. 1517ರಲ್ಲಿ ಮಾರ್ಟಿನ್ ಲೂಥರ್ ಮತಸುಧಾರಣೆ ಶುರು ಮಾಡಿದ ಅಂತ ಪಾಠ. ಅದಕ್ಕೂ ಮೊದಲಿನವರು ಅಂತ ಜಾನ್ ವೈಕ್ಲಿಫ್, ಜಾನ್ ಹಸ್ ಎಂಬ ಎರಡು ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತವೆ. ಇವರು ಮಾಡಿದ್ದೇನು? ಲೂಥರ್ ಗೆದ್ದ, ಇವರು ಯಾಕೆ ಸೋತರು? ವೈಕ್ಲಿಫ್ ಸತ್ತು ಎಷ್ಟೋ ವರ್ಷದ ಮೇಲೆ ಅವನ ಮೂಳೆ ಅಗೆದು ಸುಟ್ಟರಂತೆ. ಇದು ನಿಜವಾ, ಕಟ್ಟುಕಥೆಯಾ?

ಉತ್ತರ: ಮೂಳೆಯ ವಿಷಯದಿಂದಲೇ ಶುರು ಮಾಡೋಣ. ಅದು ನಿಜ.

ವೈಕ್ಲಿಫ್ ತೀರಿಕೊಂಡಿದ್ದು 1384ರ ಡಿಸೆಂಬರ್ 31ರಂದು, ಇಂಗ್ಲೆಂಡಿನ ಲಟರ್‌ವರ್ತ್ ಎಂಬ ಸಣ್ಣ ಊರಿನಲ್ಲಿ. ಯಾರೂ ಅವನನ್ನು ಕೊಲ್ಲಲಿಲ್ಲ. ಮೂರು ದಿನ ಮೊದಲು ಚರ್ಚಿನಲ್ಲಿ ಪೂಜೆ ನಡೆಯುತ್ತಿದ್ದಾಗ ಲಕ್ವ ಹೊಡೆದು ಬಿದ್ದಿದ್ದ. ಅಲ್ಲೇ ಮಣ್ಣು ಮಾಡಿದರು. 30 ವರ್ಷ ಕಳೆದ ಮೇಲೆ, 1415ರಲ್ಲಿ, ಈಗಿನ ಜರ್ಮನಿಯ ಕಾನ್‌ಸ್ಟನ್ಸ್ ಎಂಬಲ್ಲಿ ಸೇರಿದ್ದ ಚರ್ಚಿನ ಮಹಾಸಭೆ ಅವನನ್ನು ಪಾಷಂಡಿ, ಅಂದರೆ ಚರ್ಚಿನ ಬೋಧನೆಗೆ ವಿರುದ್ಧ ಹೋದವನು, ಎಂದು ಘೋಷಿಸಿತು. ಮೂಳೆಗಳನ್ನು ಪವಿತ್ರ ನೆಲದಿಂದ ಎತ್ತಿ ಎಸೆಯಬೇಕು ಅಂತ ಆಜ್ಞೆಯಾಯಿತು. ಅದಕ್ಕೊಂದು ಷರತ್ತೂ ಇತ್ತು: ಬೇರೆ ಭಕ್ತರ ಮೂಳೆಗಳಿಂದ ಅವನದನ್ನು ಬೇರ್ಪಡಿಸಿ ಗುರುತಿಸಲು ಆಗುವುದಾದರೆ ಮಾತ್ರ!

ಆದರೆ 13 ವರ್ಷ ಯಾರೂ ಗುದ್ದಲಿ ಎತ್ತಲಿಲ್ಲ. ಆ ಊರು ಲಿಂಕನ್ ಬಿಷಪರ ಸುಪರ್ದಿಗೆ ಸೇರಿತ್ತು. ಆಜ್ಞೆಯಾದಾಗ ಬಿಷಪನಾಗಿದ್ದವನು ಫಿಲಿಪ್ ರೆಪಿಂಗ್ಡನ್. ಅವನು ಹುಡುಗುವಯಸ್ಸಿನಲ್ಲಿ ಆಕ್ಸ್‌ಫರ್ಡ್‌ನಲ್ಲಿ ವೈಕ್ಲಿಫ್‌ನ ಶಿಷ್ಯ. ಆಮೇಲೆ ತಪ್ಪೊಪ್ಪಿಕೊಂಡು ಮೇಲಕ್ಕೇರಿದವನು. ಗುರುವಿನ ಗೋರಿ ಅಗೆಯುವ ಕೆಲಸಕ್ಕೆ ಮಾತ್ರ ಕೈ ಹಾಕಲಿಲ್ಲ. ಪೋಪ್ ಮತ್ತೆ ಒತ್ತಾಯ ಮಾಡಿದ ಮೇಲೆ, 1428ರಲ್ಲಿ ರಿಚರ್ಡ್ ಫ್ಲೆಮಿಂಗ್ ಎಂಬ ಬಿಷಪ್ ಆ ಕೆಲಸ ಮುಗಿಸಿದ. ಮೂಳೆ ಸುಟ್ಟು ಬೂದಿಯನ್ನು ಊರ ಪಕ್ಕದ ಸ್ವಿಫ್ಟ್ ಹೊಳೆಗೆ ಸುರಿದರು. ಹೊಳೆ ಅಂತ ಹೆಸರಿಗೆ, ನಮ್ಮ ಕಡೆಯಾಗಿದ್ದರೆ ಹಳ್ಳ ಅಂತಿದ್ದೆವು.

ಸತ್ತು 43 ವರ್ಷವಾದವನ ಮೇಲೆ ಇಷ್ಟು ಸಿಟ್ಟು ಯಾಕೆ? ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ಕೀಲಿ ಇದರಲ್ಲೇ ಇದೆ.

ಪಾಠದಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ಚರ್ಚು ಕೆಟ್ಟುಹೋಗಿತ್ತು, ಪಾದ್ರಿಗಳು ದುಡ್ಡು ಮಾಡುತ್ತಿದ್ದರು, ಇವರು ಅದನ್ನು ಖಂಡಿಸಿದರು, ಚರ್ಚು ಇವರನ್ನು ಶಿಕ್ಷಿಸಿತು. ನನ್ನ ಪ್ರಕಾರ ಇದು ಅರ್ಧ ಸತ್ಯ. ಪಾದ್ರಿಗಳನ್ನು ಬೈಯುವುದು ಆ ಕಾಲದಲ್ಲಿ ಅಪರಾಧವೇ ಆಗಿರಲಿಲ್ಲ. ಬಿಷಪರು ಬೈಯುತ್ತಿದ್ದರು, ಸನ್ಯಾಸಿಗಳು ಬೈಯುತ್ತಿದ್ದರು, ಸಂತೆಯಲ್ಲಿ ಹಾಡು ಕಟ್ಟಿ ಬೈಯುತ್ತಿದ್ದರು. ಬಡವನಾಗಿ ಬದುಕಿದರೂ ತಪ್ಪಿಲ್ಲ. ತಪ್ಪಾಗುತ್ತಿದ್ದುದು ಬೇರೆ ಕಡೆ. "ದೇವರ ಮಾತು ಹೇಳಲು ನಿನಗೆ ಅಪ್ಪಣೆ ಕೊಟ್ಟವರು ಯಾರು?" ಎಂದು ಕೇಳಿದಾಗ "ನಿಮ್ಮ ಅಪ್ಪಣೆ ಬೇಕಿಲ್ಲ" ಅಂದರೆ ಅಲ್ಲಿಗೆ ಮುಗಿಯಿತು.

ಇದನ್ನು ಚೆನ್ನಾಗಿ ತೋರಿಸುವವನು ವೈಕ್ಲಿಫ್‌ಗಿಂತ 200 ವರ್ಷ ಹಿಂದಿನವನು. ಪಾಠದಲ್ಲಿ ಅವನ ಹೆಸರು ಇರುವುದೇ ಕಡಿಮೆ. ಫ್ರಾನ್ಸಿನ ಲಿಯೋನ್ ಊರಿನ ವಾಲ್ಡೊ. ಪೀಟರ್ ವಾಲ್ಡೊ ಅಂತ ಬರೆಯುತ್ತಾರೆ, ಆದರೆ ಪೀಟರ್ ಎಂಬ ಹೆಸರು ಸೇರಿದ್ದು ಅವನು ಸತ್ತು ಬಹಳ ಕಾಲದ ಮೇಲೆ. ಬಡ್ಡಿ ವ್ಯವಹಾರದಲ್ಲಿ ಜಾಸ್ತಿ ದುಡ್ಡು ಮಾಡಿದ್ದ ವರ್ತಕ. 1173ರ ಸುಮಾರಿಗೆ ಒಂದು ಭಾನುವಾರ ಬೀದಿಯಲ್ಲಿ ಹಾಡುಗಾರನೊಬ್ಬ ಅಲೆಕ್ಸಿಸ್ ಎಂಬ ಸಂತನ ಕಥೆ ಹಾಡುತ್ತಿದ್ದ. ಮದುವೆಯ ರಾತ್ರಿಯೇ ಮನೆ ಬಿಟ್ಟುಹೋಗಿ ಭಿಕ್ಷುಕನಾಗಿ ಸತ್ತ ಶ್ರೀಮಂತರ ಮಗನ ಕಥೆ. ಅದು ವಾಲ್ಡೊನ ಮನಸ್ಸಿಗೆ ನಾಟಿತು.

ಮನೆಗೆ ಬಂದು ಹೆಂಡತಿಗೆ ಹೇಳಿದ: ಹೊಲ, ಮನೆ, ಗಿರಣಿಯಂಥ ಸ್ಥಿರಾಸ್ತಿ ಬೇಕಾ, ಕೈಯಲ್ಲಿರುವ ನಗದು ಬೇಕಾ, ಆರಿಸಿಕೋ. ಆಕೆ ಬುದ್ಧಿವಂತೆ, ಸ್ಥಿರಾಸ್ತಿ ಅಂದಳು. ಉಳಿದದ್ದರಲ್ಲಿ ಅನ್ಯಾಯವಾಗಿ ವಸೂಲಿ ಮಾಡಿದ್ದನ್ನು ಕೊಟ್ಟವರಿಗೆ ಹಿಂದಿರುಗಿಸಿದ. ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನು, ತಾಯಿಗೆ ಗೊತ್ತೇ ಆಗದಂತೆ, ಕನ್ಯಾಮಠಕ್ಕೆ ಸೇರಿಸಿದ. ಬರಗಾಲ ಬಂದಿತ್ತು, ವಾರಕ್ಕೆ ಮೂರು ದಿನ ಊರವರಿಗೆ ಅನ್ನ ಹಾಕಿದ. ಕೊನೆಗೆ ಬೀದಿಯಲ್ಲಿ ನಿಂತು ಕಾಸು ಚೆಲ್ಲಿದ. ಮಾರನೇ ದಿನ ಹಳೇ ಸ್ನೇಹಿತನ ಬಾಗಿಲಲ್ಲಿ ನಿಂತು ಊಟ ಬೇಡಿದ.

ಈ ಸುದ್ದಿ ಕೇಳಿ ಹೆಂಡತಿ ಅಳುತ್ತಾ ಆರ್ಚ್‌ಬಿಷಪನ ಹತ್ತಿರ ಓಡಿದಳು. ಗಂಡನ ಅಂಗಿ ಹಿಡಿದು, ದಾನ ಮಾಡಿ ಪುಣ್ಯ ಕಟ್ಟಿಕೊಳ್ಳುವುದಿದ್ದರೆ ನಾನೇ ಕಟ್ಟಿಕೊಳ್ಳುತ್ತೇನೆ, ಕಂಡವರ ಮನೆಯಲ್ಲಿ ಯಾಕೆ ತಿನ್ನಬೇಕು ಅಂದಳು. ಆರ್ಚ್‌ಬಿಷಪ್ ತೀರ್ಪು ಕೊಟ್ಟ: ಈ ಊರಲ್ಲಿ ಇರುವಾಗ ಹೆಂಡತಿಯ ಹತ್ತಿರವೇ ಊಟ ಮಾಡಬೇಕು. ಈ ಇಡೀ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ತೀರ್ಪು ಇದು. ಸುಧಾರಕರ ಕಥೆಗಳಲ್ಲಿ ಮನೆಯವರ ಗತಿ ಏನಾಯಿತು ಅಂತ ಯಾರೂ ಬರೆಯುವುದಿಲ್ಲ, ಇಲ್ಲೊಬ್ಬರು ಬರೆದಿದ್ದಾರೆ.

ಇಲ್ಲಿಯವರೆಗೆ ವಾಲ್ಡೊ ಮಾಡಿದ್ದರಲ್ಲಿ ಚರ್ಚಿಗೆ ಏನೂ ತಕರಾರಿಲ್ಲ. ಆದರೆ ಅವನು ಇನ್ನೊಂದು ಕೆಲಸ ಮಾಡಿದ್ದ. ಇಬ್ಬರು ಪಾದ್ರಿಗಳಿಗೆ ದುಡ್ಡು ಕೊಟ್ಟು ಬೈಬಲಿನ ಭಾಗಗಳನ್ನು ಲ್ಯಾಟಿನ್‌ನಿಂದ ಊರಿನ ಆಡುಮಾತಿಗೆ ಹಾಕಿಸಿದ. ಅದನ್ನು ಬಾಯಿಪಾಠ ಮಾಡಿಕೊಂಡು ಅವನೂ ಅವನ ಜೊತೆಯವರೂ ಬೀದಿಬೀದಿಯಲ್ಲಿ ಬೋಧನೆ ಶುರು ಮಾಡಿದರು. ಅವರಲ್ಲಿ ಹೆಂಗಸರೂ ಇದ್ದರು. 1179ರಲ್ಲಿ ರೋಮ್‌ನಲ್ಲಿ ಮಹಾಸಭೆ ನಡೆದಾಗ ಅಲ್ಲಿಗೇ ಹೋಗಿ ಪುಸ್ತಕ ಒಪ್ಪಿಸಿ ಅನುಮತಿ ಕೇಳಿದರು. ಬಂಡಾಯ ಮಾಡುವವರು ಯಾರಾದರೂ ಹೀಗೆ ಅರ್ಜಿ ಹಿಡಿದು ಹೋಗುತ್ತಾರಾ?

ಅವರನ್ನು ಪರೀಕ್ಷಿಸಲು ವಾಲ್ಟರ್ ಮ್ಯಾಪ್ ಎಂಬ ಇಂಗ್ಲಿಷ್ ಅರಮನೆಯ ಪಂಡಿತನನ್ನು ಕೂರಿಸಿದರು. ತಂದೆಯಾದ ದೇವರಲ್ಲಿ ನಂಬಿಕೆ ಇಡುತ್ತೀರಾ? ಇಡುತ್ತೇವೆ. ಮಗನಲ್ಲಿ? ಇಡುತ್ತೇವೆ. ಪವಿತ್ರಾತ್ಮನಲ್ಲಿ? ಇಡುತ್ತೇವೆ. ಕ್ರಿಸ್ತನ ತಾಯಿಯಲ್ಲಿ? ಇಡುತ್ತೇವೆ. ಸಭೆಯೆಲ್ಲ ಗೊಳ್ ಅಂತ ನಕ್ಕಿತು. ಶಾಸ್ತ್ರದ ಲೆಕ್ಕದಲ್ಲಿ 'ನಂಬಿಕೆ ಇಡುವುದು' ಎಂಬ ಮಾತು ತ್ರಿಯೇಕ ದೇವರಿಗೆ ಮಾತ್ರ ಸಲ್ಲಬೇಕು, ಮರಿಯಮ್ಮನಿಗೂ ಅದನ್ನೇ ಹೇಳಿದರೆ ಆಕೆಯನ್ನು ದೇವರ ಸಾಲಿಗೆ ಸೇರಿಸಿದಂತೆ. ಪಾಪ, ಬೀದಿಯ ಜನಕ್ಕೆ ಇದೆಲ್ಲ ಎಲ್ಲಿ ಗೊತ್ತಿರಬೇಕು? ನಗಿಸಿದ ಮ್ಯಾಪ್‌ನಿಗೇ ಒಳಗೊಳಗೆ ಭಯವಿತ್ತು. ಇವರು ಬರಿಗಾಲಲ್ಲಿ ಇಬ್ಬಿಬ್ಬರಾಗಿ ಓಡಾಡುತ್ತಾರೆ, ಸ್ವಂತಕ್ಕೆ ಏನೂ ಇಟ್ಟುಕೊಂಡಿಲ್ಲ, ಈಗ ತುಂಬಾ ವಿನಯ ತೋರಿಸುತ್ತಿದ್ದಾರೆ, ಒಳಗೆ ಬಿಟ್ಟುಕೊಂಡರೆ ನಮ್ಮನ್ನೇ ಹೊರಗೆ ಹಾಕುತ್ತಾರೆ ಎಂಬ ಅರ್ಥದಲ್ಲಿ ಬರೆದಿಟ್ಟ.

ಪೋಪ್ ಮೂರನೇ ಅಲೆಕ್ಸಾಂಡರ್ ಅವರ ಬಡತನದ ವ್ರತವನ್ನು ಒಪ್ಪಿದ. ಬೋಧನೆಗೆ ಮಾತ್ರ ಊರಿನ ಪಾದ್ರಿಗಳ ಅಪ್ಪಣೆ ಬೇಕು ಅಂದ. ಆ ಅಪ್ಪಣೆ ಸಿಗಲಿಲ್ಲ, ಇವರು ಬೋಧನೆ ಬಿಡಲೂ ಇಲ್ಲ. 1184ರಲ್ಲಿ ಬಹಿಷ್ಕಾರ ಬಿತ್ತು.

ಸುಮಾರು 25 ವರ್ಷದ ಮೇಲೆ ಇಟಲಿಯ ಅಸ್ಸಿಸಿಯಿಂದ ಇನ್ನೊಬ್ಬ ವರ್ತಕನ ಮಗ ಅದೇ ಬಡತನ, ಅದೇ ಬರಿಗಾಲು, ಅದೇ ಕೋರಿಕೆ ಹಿಡಿದು ರೋಮ್‌ಗೆ ಹೋದ. ಈ ಸಲ ಮೂರನೇ ಇನ್ನೊಸೆಂಟ್ ಒಪ್ಪಿಗೆ ಕೊಟ್ಟ. ಅವನೇ ಸಂತ ಫ್ರಾನ್ಸಿಸ್. ಇಬ್ಬರ ಗುಣದಲ್ಲಿ ವ್ಯತ್ಯಾಸ ಇದ್ದಿರಬಹುದು. ಆದರೆ ಒಬ್ಬ ಸಂತನಾಗಿ ಇನ್ನೊಬ್ಬ ಪಾಷಂಡಿಯಾಗಿದ್ದು ಮುಖ್ಯವಾಗಿ ಆ ಅಪ್ಪಣೆಯಿಂದ.

ವಾಲ್ಡೊನವರು ಆಲ್ಪ್ಸ್ ಬೆಟ್ಟದ ಕಣಿವೆಗಳಿಗೆ ಸರಿದುಕೊಂಡರು. ಕಾಲಕಾಲಕ್ಕೆ ಹತ್ಯಾಕಾಂಡಗಳಾದವು. ಆದರೂ ಉಳಿದರು. 1848ರ ಫೆಬ್ರವರಿ 17ರಂದು ಅಲ್ಲಿನ ರಾಜ ಅವರಿಗೆ ನಾಗರಿಕ ಹಕ್ಕು ಕೊಟ್ಟ. ಈಗಲೂ ಪ್ರತಿ ವರ್ಷ ಅದರ ಹಿಂದಿನ ರಾತ್ರಿ ಆ ಕಣಿವೆಗಳಲ್ಲಿ ಬೆಂಕಿ ಹಾಕಿ ಹಬ್ಬ ಮಾಡುತ್ತಾರೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಟ್ಯುರಿನ್‌ನಲ್ಲಿ ಅವರ ಚರ್ಚಿಗೇ ಹೋಗಿ ಕ್ಷಮೆ ಕೇಳಿದರು. ಆ ಪೋಪ್ ಇಟ್ಟುಕೊಂಡಿದ್ದ ಹೆಸರು ಯಾರದು ನೋಡಿ!

ಈಗ ವೈಕ್ಲಿಫ್‌ಗೆ ಬರೋಣ. ಇವನು ಬೀದಿಯವನಲ್ಲ, ಆಕ್ಸ್‌ಫರ್ಡ್‌ನ ದೊಡ್ಡ ಮೇಷ್ಟ್ರು. ಬರವಣಿಗೆ ಒಣ ಲ್ಯಾಟಿನ್, ಓದುವುದು ಕಷ್ಟ. ಅವನ ಅದೃಷ್ಟ ಅಂದರೆ ಕಾಲ. 1309ರಿಂದ ಪೋಪರು ರೋಮ್ ಬಿಟ್ಟು ಆಗ ಫ್ರಾನ್ಸಿನ ಮಗ್ಗುಲಲ್ಲಿದ್ದ ಅವಿನ್ಯೋನ್‌ನಲ್ಲಿ ಕೂತಿದ್ದರು. ಇಂಗ್ಲೆಂಡ್ ಆಗ ಫ್ರಾನ್ಸಿನ ಜೊತೆ ಯುದ್ಧದಲ್ಲಿತ್ತು. ಇಂಗ್ಲೆಂಡಿನ ಕಾಣಿಕೆ ದುಡ್ಡು ಅಲ್ಲಿಗೆ ಹೋಗುವುದು ದೊರೆಗಳಿಗೆ ಹಿಡಿಸುತ್ತಿರಲಿಲ್ಲ. ಅದೇ ಹೊತ್ತಿಗೆ ವೈಕ್ಲಿಫ್, ದಾರಿ ತಪ್ಪಿದ ಪಾದ್ರಿಗಳ ಆಸ್ತಿಯನ್ನು ರಾಜ ಕಿತ್ತುಕೊಳ್ಳಬಹುದು ಅಂತ ಶಾಸ್ತ್ರೋಕ್ತವಾಗಿ ವಾದಿಸಿದ. ರಾಜನ ಮಗ ಜಾನ್ ಆಫ್ ಗಾಂಟ್‌ಗೆ ಇದಕ್ಕಿಂತ ಸಿಹಿ ಸುದ್ದಿ ಬೇಕಾ?

1377ರ ಫೆಬ್ರವರಿಯಲ್ಲಿ ಬಿಷಪರು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿಗೆ ವೈಕ್ಲಿಫ್‌ನನ್ನು ವಿಚಾರಣೆಗೆ ಕರೆದರು. ಅವನ ಜೊತೆ ಗಾಂಟ್, ಪರ್ಸಿ ಎಂಬ ಸರದಾರ, ಆಳುಕಾಳು ಎಲ್ಲ ಬಂದರು. ಪರ್ಸಿ ವೈಕ್ಲಿಫ್‌ಗೆ ಕೂತುಕೋ ಅಂದ. ಲಂಡನ್ ಬಿಷಪ್ ಕೋರ್ಟನಿ, ಆರೋಪಿ ನಿಂತೇ ಇರಬೇಕು ಅಂದ. ಕೂರಬೇಕಾ ನಿಲ್ಲಬೇಕಾ ಅಂತಲೇ ಜಗಳ ಹತ್ತಿತು. ಬಿಷಪನನ್ನು ಕೂದಲು ಹಿಡಿದು ಹೊರಗೆಳೆಯುತ್ತೇನೆ ಎಂದು ಗಾಂಟ್ ಗೊಣಗಿದ್ದು ಜನರ ಕಿವಿಗೆ ಬಿತ್ತು. ಗಲಾಟೆಯೆದ್ದು ಸಭೆ ಮುರಿದುಹೋಯಿತು. ವೈಕ್ಲಿಫ್ ಒಂದು ಮಾತೂ ಆಡಿರಲಿಲ್ಲ.

ಮುಂದಿನ ವರ್ಷ ಇನ್ನೂ ದೊಡ್ಡ ಸಂಗತಿ ನಡೆಯಿತು. 1378ರಲ್ಲಿ ಇಬ್ಬರು ಪೋಪರಾದರು, ಒಬ್ಬ ರೋಮ್‌ನಲ್ಲಿ, ಒಬ್ಬ ಅವಿನ್ಯೋನ್‌ನಲ್ಲಿ. ಒಬ್ಬರಿಗೊಬ್ಬರು ಬಹಿಷ್ಕಾರ ಹಾಕಿಕೊಂಡರು. ಇದನ್ನು ನೋಡಿ ವೈಕ್ಲಿಫ್‌ನ ವಾದ ಇನ್ನೂ ಖಾರವಾಯಿತು. ಪೋಪ್ ಎಂಬ ಹುದ್ದೆಗೇ ಬೈಬಲಿನಲ್ಲಿ ಆಧಾರ ಇಲ್ಲ ಅಂದ. ಆಮೇಲೆ ಪೂಜೆಯಲ್ಲಿ ರೊಟ್ಟಿಯೂ ದ್ರಾಕ್ಷಾರಸವೂ ಕ್ರಿಸ್ತನ ದೇಹ, ರಕ್ತವಾಗಿ ಬದಲಾಗುತ್ತವೆ ಎಂಬ ಬೋಧನೆಗೇ ಕೈ ಹಾಕಿದ. ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆ, ಕ್ರಿಸ್ತ ಅದರಲ್ಲಿ ಬೇರೆ ರೀತಿಯಲ್ಲಿ ಇರುತ್ತಾನೆ ಅಂದ.

ಇಲ್ಲಿ ಗಾಂಟ್ ಕೂಡ ಬೆಚ್ಚಿದ. ಸುಮ್ನಿರಪ್ಪಾ ಅಂತ ಹೇಳಿ ನೋಡಿದ. ಚರ್ಚಿನ ಆಸ್ತಿ ಕೇಳಲು ಜೊತೆಯಾದವರು ಚರ್ಚಿನ ಪೂಜೆ ಕೆಡಿಸಲು ಜೊತೆಯಾಗಲಿಲ್ಲ. 1381ರ ರೈತ ದಂಗೆಯಲ್ಲಿ ಆರ್ಚ್‌ಬಿಷಪನ ತಲೆಯನ್ನೇ ಕಡಿದರು. ವೈಕ್ಲಿಫ್‌ಗೂ ಅದಕ್ಕೂ ಸಂಬಂಧವಿರಲಿಲ್ಲ, ಆದರೆ ಅಪವಾದ ಅವನ ತಲೆಗೇ ಬಂತು. ಆರ್ಚ್‌ಬಿಷಪನ ಜಾಗಕ್ಕೆ ಬಂದವನು ಅದೇ ಕೋರ್ಟನಿ. ಅವನು 1382ರ ಮೇ ತಿಂಗಳಲ್ಲಿ ವಿದ್ವಾಂಸರ ಸಭೆ ಕರೆದು ವೈಕ್ಲಿಫ್‌ನ 24 ಮಾತುಗಳನ್ನು ಖಂಡಿಸಿದ. ಸಭೆ ನಡೆಯುವಾಗ ಭೂಮಿ ನಡುಗಿತು. ಭೂಮಿಯೇ ಕೆಟ್ಟ ಗಾಳಿ ಹೊರಹಾಕುತ್ತಿದೆ ಅಂದ ಕೋರ್ಟನಿ. ದೇವರಿಗೆ ಸಿಟ್ಟು ಬಂದಿದೆ ಅಂದ ವೈಕ್ಲಿಫ್. ಆದರೂ ಅವನು ಲಟರ್‌ವರ್ತ್‌ಗೆ ಹೋಗಿ ಇನ್ನೆರಡು ವರ್ಷ ಬರೆಯುತ್ತಲೇ ಇದ್ದ.

ವೈಕ್ಲಿಫ್ ಬೈಬಲನ್ನು ಇಂಗ್ಲಿಷಿಗೆ ಅನುವಾದಿಸಿದ ಅಂತ ಪಾಠದಲ್ಲಿರುತ್ತದೆ. ಕೆಲಸದ ಬಹುಪಾಲು ಅವನ ಶಿಷ್ಯರದು. ಅವನ ಕೈ ಎಷ್ಟು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ. ಅದು ಮೂಲ ಗ್ರೀಕ್, ಹೀಬ್ರೂವಿನಿಂದ ಬಂದದ್ದೂ ಅಲ್ಲ, ಲ್ಯಾಟಿನ್‌ನಿಂದ. ಆದರೆ ಪರಿಣಾಮ ದೊಡ್ಡದು. 1409ರಲ್ಲಿ ಒಪ್ಪಿಗೆ ಇಲ್ಲದೆ ಬೈಬಲ್ ಅನುವಾದ ಮಾಡುವುದನ್ನು ನಿಷೇಧಿಸಿದರು. ಅದಕ್ಕೂ ಮೊದಲೇ 1401ರಲ್ಲಿ ಪಾಷಂಡಿಗಳನ್ನು ಸುಡುವ ಕಾನೂನು ಬಂದಿತ್ತು. ಇಷ್ಟಾದರೂ ಆ ಬೈಬಲಿನ 250ರಷ್ಟು ಕೈಬರಹದ ಪ್ರತಿಗಳು ಇವತ್ತಿಗೂ ಉಳಿದಿವೆ. ಆ ಕಾಲದ ಇಂಗ್ಲಿಷಿನ ಬೇರೆ ಯಾವ ಪುಸ್ತಕವೂ ಇಷ್ಟು ಉಳಿದಿಲ್ಲ. ಲೊಲಾರ್ಡರು ಅಂತ ಬೈಸಿಕೊಂಡ ಅವನ ಹಿಂಬಾಲಕರು ಅದನ್ನು ಕದ್ದುಮುಚ್ಚಿ ಓದುತ್ತಿದ್ದರು. ಇಂಗ್ಲಿಷಿನಲ್ಲಿರುವ ಒಂದೆರಡು ಅಧ್ಯಾಯಕ್ಕೆ ಒಂದು ಗಾಡಿ ಹುಲ್ಲು ಕೊಟ್ಟವರೂ ಇದ್ದರು.

ಯಾನ್ ಹುಸ್ ಬಗ್ಗೆ ಈಗ. ಪಾಠದಲ್ಲಿ ಹಸ್ ಅಂತ ಇದೆ, ಅವರ ಚೆಕ್ ಭಾಷೆಯಲ್ಲಿ ಹುಸ್. ಹುಸಾ ಅಂದರೆ ಹೆಬ್ಬಾತು. ತನ್ನ ಹೆಸರಿನ ಮೇಲೆ ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದ.

1382ರಲ್ಲಿ ಬೊಹೆಮಿಯಾದ, ಅಂದರೆ ಈಗಿನ ಚೆಕ್ ದೇಶದ, ರಾಜಕುಮಾರಿ ಆನ್ ಇಂಗ್ಲೆಂಡಿನ ರಾಜನನ್ನು ಮದುವೆಯಾದಳು. ಎರಡು ದೇಶಗಳ ನಡುವೆ ಓಡಾಟ ಹೆಚ್ಚಿತು. ಪ್ರಾಗ್‌ನ ವಿದ್ಯಾರ್ಥಿಗಳು ಆಕ್ಸ್‌ಫರ್ಡ್‌ಗೆ ಹೋಗಿ ವೈಕ್ಲಿಫ್‌ನ ಪುಸ್ತಕಗಳನ್ನು ನಕಲು ಮಾಡಿ ತಂದರು. ಹುಸ್ ಓದಿದ. ಎಲ್ಲವನ್ನೂ ಒಪ್ಪಲಿಲ್ಲ, ರೊಟ್ಟಿಯ ವಿಷಯದಲ್ಲಿ ಅವನು ಚರ್ಚಿನ ಕಡೆಯೇ ಇದ್ದ.

1402ರಿಂದ ಅವನು ಪ್ರಾಗ್‌ನ ಬೆತ್ಲೆಹೆಮ್ ಚಾಪೆಲ್‌ನಲ್ಲಿ ಬೋಧಕ. ಚೆಕ್ ಮಾತಿನ ಬೋಧನೆಗೆಂದೇ ಕಟ್ಟಿದ, ಸುಮಾರು 3000 ಜನ ಹಿಡಿಯುವ ಜಾಗ ಅದು. ಇಲ್ಲಿ ಒಂದು ಸಣ್ಣ ವಿಷಯ ಹೇಳಲೇಬೇಕು. ಚೆಕ್ ಬರೆಯುವುದು ಲ್ಯಾಟಿನ್ ಅಕ್ಷರದಲ್ಲಿ. ಆ ಅಕ್ಷರಮಾಲೆಯಲ್ಲಿ ಚ, ಶ ಇಂಥ ಸದ್ದಿಗೆ ಅಕ್ಷರವೇ ಇಲ್ಲ. ಎರಡು ಮೂರು ಅಕ್ಷರ ಪೇರಿಸಿ ಹೇಗೋ ಬರೆಯುತ್ತಿದ್ದರು. ಅಕ್ಷರದ ಮೇಲೆ ಒಂದು ಚುಕ್ಕಿ ಇಟ್ಟರೆ ಸಾಕು ಅಂತ ಸೂಚಿಸಿದ ಪುಟ್ಟ ಪುಸ್ತಕವೊಂದಿದೆ, ಹುಸ್ ಬರೆದದ್ದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇವತ್ತು ಚೆಕ್ ಅಕ್ಷರಗಳ ತಲೆಯ ಮೇಲೆ ಕಾಣುವ ಸಣ್ಣ ಕೊಕ್ಕೆ ಆ ಚುಕ್ಕಿಯಿಂದ ಬಂದದ್ದು. ಒಂದು ಸದ್ದಿಗೆ ಒಂದು ಅಕ್ಷರ ಇರುವ ಕನ್ನಡದವರಿಗೆ ಇದರ ಬೆಲೆ ತಟ್ಟನೆ ಗೊತ್ತಾಗುವುದಿಲ್ಲ.

1412ರಲ್ಲಿ ಜಗಳ ಹರಿಯಿತು. ಅಷ್ಟೊತ್ತಿಗೆ ಪೋಪರು ಮೂವರಾಗಿದ್ದರು. ಅವರಲ್ಲೊಬ್ಬ, ಇಪ್ಪತ್ತಮೂರನೇ ಜಾನ್ ಅಂತ ಕರೆಸಿಕೊಳ್ಳುತ್ತಿದ್ದವನು, ನೇಪಲ್ಸ್ ರಾಜನ ಮೇಲೆ ಯುದ್ಧಕ್ಕೆ ದುಡ್ಡೆತ್ತಲು ಪಾಪಕ್ಷಮಾ ಪತ್ರಗಳನ್ನು ಪ್ರಾಗ್‌ಗೂ ಕಳಿಸಿದ. ಹುಸ್ ವಿರೋಧಿಸಿದ. ಚರ್ಚುಗಳಲ್ಲಿ ಎದ್ದು ನಿಂತು ಪ್ರತಿಭಟಿಸಿದ ಮೂವರು ಯುವಕರ ತಲೆ ಕಡಿದರು. ಮಾರಾಟದಲ್ಲಿ ರಾಜನಿಗೂ ಪಾಲಿತ್ತು, ಹಾಗಾಗಿ ಅಲ್ಲಿಯವರೆಗೆ ಹುಸ್‌ನ ಬೆನ್ನಿಗಿದ್ದ ರಾಜ ಹಿಂದೆ ಸರಿದ. ಹುಸ್ ಪ್ರಾಗ್ ಬಿಟ್ಟು ಹಳ್ಳಿ ಕಡೆ ಹೋದ.

1414ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ಸೇರಿತು. ಹೋಗಿ ಬರಲು ರಕ್ಷಣೆ ಕೊಡುತ್ತೇನೆ ಎಂದು ಜರ್ಮನ್ ದೊರೆ ಸಿಗಿಸ್ಮಂಡ್ ಪತ್ರ ಕೊಟ್ಟ. ನಂಬಿ ಹೋದ ಹುಸ್‌ನನ್ನು ನವೆಂಬರ್ 28ರಂದು ಹಿಡಿದು ಮಠವೊಂದರಲ್ಲಿ, ಪಾಯಿಖಾನೆಯ ಪಕ್ಕದ ಕೋಣೆಗೆ ಹಾಕಿದರು. ಪಾಷಂಡಿಗೆ ಕೊಟ್ಟ ಮಾತು ಮಾತಲ್ಲ ಅಂತ ದೊರೆಗೆ ಸಮಾಧಾನ ಹೇಳಿದರು.

ಈ ಸಭೆಯವರು ಹಳೇ ತಲೆಯ ಜನ ಅಂದುಕೊಳ್ಳಬೇಡಿ. ಚರ್ಚಿಗೆ ಸುಧಾರಣೆ ಬೇಕು ಅಂತಲೇ ಸೇರಿದವರು ಅವರು. ಪೋಪನಿಗಿಂತ ಮಹಾಸಭೆ ದೊಡ್ಡದು ಅಂತ 1415ರ ಏಪ್ರಿಲ್‌ನಲ್ಲಿ ಠರಾವು ಮಾಡಿ, ಓಡಿಹೋದ ಪೋಪ್ ಜಾನ್‌ನನ್ನು ಹಿಡಿಸಿ ಪದಚ್ಯುತ ಮಾಡಿದರು. ಹುಸ್‌ನನ್ನು ಮಠದಿಂದ ಸಾಗಿಸಿ ಇಟ್ಟಿದ್ದ ಗೊಟ್ಲೀಬೆನ್ ಕೋಟೆಯಲ್ಲೇ ಅವನನ್ನೂ ಕೂಡಿಹಾಕಿದರು. ಅವನು ಆಮೇಲೆ ದುಡ್ಡು ಕೊಟ್ಟು ಬಿಡಿಸಿಕೊಂಡು ಮತ್ತೆ ಕಾರ್ಡಿನಲ್ ಆದ, ಫ್ಲಾರೆನ್ಸ್‌ನಲ್ಲಿ ಅವನ ಗೋರಿ ಅದ್ಭುತವಾಗಿದೆ. ಹುಸ್‌ಗೆ ಆ ದಾರಿ ಇರಲಿಲ್ಲ, ಏಕೆಂದರೆ ಅವನು ಕೇಳಿದ್ದೇ ಬೇರೆ: ಬೈಬಲಿನಿಂದ ನನ್ನ ತಪ್ಪು ತೋರಿಸಿ, ಬಿಡುತ್ತೇನೆ. ಸಭೆ ಹೇಳಿದೆ, ಅಷ್ಟು ಸಾಲದಾ ಅಂತ ಅವರು. ತಾನು ಹೇಳೇ ಇಲ್ಲದ ಮಾತುಗಳನ್ನೂ ಹಿಂದಕ್ಕೆ ತೆಗೆದುಕೋ ಅಂದರು. ಹಾಗೆ ಮಾಡಿದರೆ ಹಿಂದೆ ಹೇಳಿದ್ದೆ ಅಂತ ಸುಳ್ಳು ಒಪ್ಪಿಕೊಂಡಂತಾಗುತ್ತದೆ ಅಂದ ಹುಸ್.

1415ರ ಜುಲೈ 6. ಅವನಿಗೆ ಪಾದ್ರಿಯ ಪೂಜಾವಸ್ತ್ರ ತೊಡಿಸಿ, ಕೈಗೆ ಬಟ್ಟಲು ಕೊಟ್ಟು, ಆಮೇಲೆ ಶಾಪ ಹಾಕುತ್ತಾ ಒಂದೊಂದಾಗಿ ಕಿತ್ತುಕೊಂಡರು. ತಲೆಯ ಮೇಲಿನ ಪಾದ್ರಿ ಗುರುತನ್ನು ಅಳಿಸಬೇಕಿತ್ತು. ಅದಕ್ಕೆ ಕ್ಷೌರದ ಕತ್ತಿಯೋ ಕತ್ತರಿಯೋ ಅಂತ ಬಿಷಪರಲ್ಲೇ ವಾಗ್ವಾದ ಹತ್ತಿತು. ನೋಡಿ, ನನ್ನನ್ನು ಹೇಗೆ ಅವಮಾನ ಮಾಡಬೇಕು ಅಂತಲೂ ಇವರಿಗೆ ಒಮ್ಮತವಿಲ್ಲ ಅಂದ ಹುಸ್. ಮೂರು ದೆವ್ವದ ಚಿತ್ರವಿದ್ದ ಕಾಗದದ ಟೋಪಿ ಹಾಕಿ, ಊರಾಚೆ ಒಯ್ದು ಸುಟ್ಟರು. ಬೂದಿ ರೈನ್ ನದಿಗೆ. ಮುಂದಿನ ವರ್ಷ ಅವನ ಗೆಳೆಯ ಜೆರೋಮ್‌ನನ್ನೂ ಅಲ್ಲೇ ಸುಟ್ಟರು.

"ಇವತ್ತು ಹೆಬ್ಬಾತನ್ನು ಸುಡುತ್ತೀರಿ, ನೂರು ವರ್ಷದ ಮೇಲೆ ಹಂಸ ಹಾಡುತ್ತದೆ" ಅಂತ ಹುಸ್ ಭವಿಷ್ಯ ನುಡಿದ ಎಂಬುದನ್ನು ಎಲ್ಲಾದರೂ ಓದಿದರೆ ನಂಬಬೇಡಿ. ಹೆಬ್ಬಾತಿನ ಮಾತು ಹುಸ್‌ನ ಪತ್ರಗಳಲ್ಲಿದೆ, ಆದರೆ ಹಂಸವನ್ನು ಸೇರಿಸಿ ಅದು ತಾನೇ ಅಂದುಕೊಂಡವನು ಲೂಥರ್.

ಸೋತರಾ ಅಂತ ಕೇಳಿದಿರಲ್ಲ. ಹುಸ್ ಸತ್ತ ಎರಡೇ ತಿಂಗಳಲ್ಲಿ ಬೊಹೆಮಿಯಾ, ಮೊರಾವಿಯಾದ 452 ಸರದಾರರು ಮಹಾಸಭೆಗೆ ಪ್ರತಿಭಟನಾ ಪತ್ರಕ್ಕೆ ಮುದ್ರೆ ಒತ್ತಿದರು. ಪೂಜೆಯಲ್ಲಿ ಜನಸಾಮಾನ್ಯರಿಗೆ ರೊಟ್ಟಿ ಮಾತ್ರ, ದ್ರಾಕ್ಷಾರಸದ ಬಟ್ಟಲು ಪಾದ್ರಿಗೆ ಮಾತ್ರ ಎಂಬ ಪದ್ಧತಿ ಇತ್ತು. ಬಟ್ಟಲು ಎಲ್ಲರಿಗೂ ಬೇಕು ಅಂತ ಚೆಕ್ಕರು ಪಟ್ಟು ಹಿಡಿದರು, ಬಟ್ಟಲೇ ಅವರ ಬಾವುಟವಾಯಿತು. 1420ರಿಂದ 1431ರವರೆಗೆ ಅವರ ಮೇಲೆ ಐದು ಸಲ ಧರ್ಮಯುದ್ಧ ಸಾರಿದರು, ಒಂದು ಸಲವೂ ಗೆಲ್ಲಲಾಗಲಿಲ್ಲ. ಮೊದಲೇ ಒಂದು ಕಣ್ಣಿಲ್ಲದ, ಆಮೇಲೆ ಎರಡೂ ಹೋದ ಯಾನ್ ಜಿಷ್ಕಾ ಎಂಬ ದಂಡನಾಯಕ ರೈತರ ಗಾಡಿಗಳನ್ನು ಸರಪಳಿಯಿಂದ ಕಟ್ಟಿ ಕೋಟೆ ಮಾಡಿಕೊಂಡು, ಒಳಗಿಂದ ಬಂದೂಕು ಹಾರಿಸಿ ಕುದುರೆ ಸವಾರರನ್ನು ಕೆಡವುತ್ತಿದ್ದ. ಹೊವಿಟ್ಜರ್ ಎಂಬ ಫಿರಂಗಿಯ ಹೆಸರು ಆ ಚೆಕ್ಕರ ಮಾತಿನಿಂದಲೇ ಬಂದದ್ದು.

ಕೊನೆಗೆ ಚರ್ಚೇ ಮಾತುಕತೆಗೆ ಕರೆಯಿತು, ಬಾಸೆಲ್ ಊರಿಗೆ. ಮಂಗಳೂರಿಗೆ ಹೆಂಚಿನ ಕಾರ್ಖಾನೆ ತಂದ ಬಾಸೆಲ್ ಮಿಷನ್ ಹುಟ್ಟಿದ ಊರೇ ಅದು, ಆದರೆ ಮಿಷನ್ ಬಂದದ್ದು ಸುಮಾರು 400 ವರ್ಷದ ಮೇಲೆ. 1436ರಲ್ಲಿ ಒಪ್ಪಂದವಾಗಿ ಚೆಕ್ಕರಿಗೆ ಬಟ್ಟಲು ಸಿಕ್ಕಿತು. ಲೂಥರ್ ಹುಟ್ಟಿದ್ದು 1483ರಲ್ಲಿ. ಅಷ್ಟರಲ್ಲಿ ಒಂದು ದೇಶದ ಹೆಚ್ಚಿನ ಜನ ಸುಮಾರು ಅರ್ಧ ಶತಮಾನ ತಮ್ಮ ಪದ್ಧತಿಯಲ್ಲೇ ಪೂಜೆ ಮಾಡಿಕೊಂಡಿದ್ದರು. ಇದನ್ನು ಸೋಲು ಅಂತ ಹೇಗೆ ಅನ್ನುವುದು?

ಲೂಥರ್‌ಗೆ ಇದ್ದ ಅನುಕೂಲ ಎರಡು. ಮುದ್ರಣ ಯಂತ್ರ ಮತ್ತು ಅವನನ್ನು ಬಿಟ್ಟುಕೊಡದ, ಅವನ ನಾಡಿನ ದೊರೆ ಫ್ರೆಡರಿಕ್. ವೈಕ್ಲಿಫ್‌ಗೆ ಗಾಂಟ್ ಅರ್ಧ ದಾರಿಯಲ್ಲಿ ಕೈಬಿಟ್ಟ, ಹುಸ್‌ಗೆ ಅವನ ರಾಜ. 1519ರಲ್ಲಿ ಲೈಪ್‌ಸಿಗ್‌ನ ವಾದದಲ್ಲಿ ಎಕ್ ಎಂಬ ಪಂಡಿತ, ನೀನು ಹುಸ್‌ನ ಮಾತನ್ನೇ ಆಡುತ್ತಿದ್ದೀಯ ಅಂತ ಚುಚ್ಚಿದಾಗ ಲೂಥರ್ ಮೊದಲು ಸಿಡುಕಿದ. ಆಮೇಲೆ ಹುಸ್‌ನ ಬರಹ ಓದಿ, ನಮಗೆ ಗೊತ್ತಿಲ್ಲದೆಯೇ ನಾವೆಲ್ಲ ಹುಸ್‌ನವರು ಅಂತ 1520ರಲ್ಲಿ ಗೆಳೆಯನಿಗೆ ಬರೆದ.

ಮಗಳ ಪರೀಕ್ಷೆಗೆ ಬಂದರೆ, ಎರಡು ಅಂಕದ ಪ್ರಶ್ನೆಗೆ ಪುಸ್ತಕದಲ್ಲಿರುವುದನ್ನೇ ಬರೆಯಲಿ. ವೈಕ್ಲಿಫ್‌ನನ್ನು 'ಸುಧಾರಣೆಯ ಬೆಳ್ಳಿಚುಕ್ಕಿ' ಅಂತ ಕರೆದವರು 16ನೇ ಶತಮಾನದ ಪ್ರೊಟೆಸ್ಟೆಂಟರು, ಅವನ ಕಾಲದವರಲ್ಲ ಎಂಬುದು ಅವಳ ತಲೆಯಲ್ಲಿರಲಿ, ಉತ್ತರ ಪತ್ರಿಕೆಯಲ್ಲಿ ಬೇಡ. ಹಾಗೇ 'ಹುಸ್' ಅಂತ ಬರೆದು ಅಂಕ ಕಳೆದುಕೊಳ್ಳುವುದೂ ಬೇಡ, 'ಹಸ್' ಅಂತಲೇ ಬರೆಯಲಿ.